ಹುಲ್ಲುಹಾಸಿನ ರೋಗ: ಮೊದಲು ಎಲೆ ನೋಡಿ, ಆಮೇಲೆ ಬಾಟಲಿ ತೆರೆಯಿರಿ

ಓದುಗರ ಪ್ರಶ್ನೆ – ತಜ್ಞರ ಉತ್ತರ

ಹುಲ್ಲುಹಾಸಿನ ಶಿಲೀಂಧ್ರ ರೋಗಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನ ಪತ್ರಗಳಲ್ಲಿ ಕೇಳಿರುವುದು ಯಾವ ಔಷಧಿ ಹೊಡೆಯಬೇಕು ಎಂದು. ಯಾವ ರೋಗ ಎಂದು ಕೇಳಿದವರು ಕಡಿಮೆ. ಒಂದು ರೋಗಕ್ಕೆ ಮದ್ದಾಗುವ ಗೊಬ್ಬರವೇ ಇನ್ನೊಂದಕ್ಕೆ ತುಪ್ಪ ಸುರಿದಂತಾಗುತ್ತದೆ. ಹಾಗಾಗಿ ಉತ್ತರಗಳಲ್ಲಿ ಗುರುತಿಸುವ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಗರಿಕೆ ಜಾತಿಯ ಹುಲ್ಲುಹಾಸು, ಎರಡು ಸೆಂ.ಮೀ. ಎತ್ತರಕ್ಕೆ ಕತ್ತರಿಸುತ್ತೇವೆ. ತಿಂಗಳಿಂದ ಅಲ್ಲಲ್ಲಿ ಒಣಹುಲ್ಲಿನ ಬಣ್ಣದ ಸಣ್ಣ ಮಚ್ಚೆಗಳು ಬಿದ್ದು, ಈಗ ಒಂದಕ್ಕೊಂದು ಕೂಡಿಕೊಂಡು ತೇಪೆ ಹಾಕಿದಂತಾಗಿದೆ. ಬೆಳಗ್ಗೆ ಜೇಡರ ಬಲೆಯಂಥದ್ದು ಕಾಣುತ್ತದೆ. ಅಜಾಕ್ಸಿಸ್ಟ್ರೋಬಿನ್ ಎರಡು ಸಲ ಸಿಂಪಡಿಸಿದರೂ ನಿಂತಿಲ್ಲ. ಗೊಬ್ಬರ ಹಾಕಿದರೆ ರೋಗ ಹೆಚ್ಚುತ್ತದೆ ಎಂದು ಕೇಳಿ ಮೂರು ತಿಂಗಳಿಂದ ಏನೂ ಹಾಕಿಲ್ಲ. ಏನು ಮಾಡಬೇಕು?

ಉತ್ತರ: ಇದು ಡಾಲರ್ ಸ್ಪಾಟ್ ರೋಗ ಇರಬೇಕು. ಗಿಡ್ಡಗೆ ಕತ್ತರಿಸಿದ ಹುಲ್ಲಿನಲ್ಲಿ ಇದರ ಮಚ್ಚೆ 2ರಿಂದ 5 ಸೆಂ.ಮೀ. ಅಗಲ ಇರುತ್ತದೆ. ಅಮೆರಿಕದ ಹಳೆಯ ಬೆಳ್ಳಿ ಡಾಲರ್ ನಾಣ್ಯದಷ್ಟು. ಹೆಸರು ಬಂದದ್ದೂ ಅದರಿಂದಲೇ. ಎತ್ತರಕ್ಕೆ ಬಿಟ್ಟ ಹುಲ್ಲಿನಲ್ಲಿ ಮಚ್ಚೆ 15 ಸೆಂ.ಮೀ.ವರೆಗೂ ಹಿಗ್ಗುತ್ತದೆ, ಅಲ್ಲಿ ಹೆಸರನ್ನು ನಂಬಿದರೆ ಮೋಸ ಹೋಗುತ್ತೀರಿ. ರೋಗ ತರುವ ಶಿಲೀಂಧ್ರಕ್ಕೆ 1937ರಲ್ಲಿ ಇಟ್ಟ ಸ್ಕ್ಲೆರೋಟಿನಿಯಾ ಹೋಮಿಯೋಕಾರ್ಪ ಎಂಬ ಹೆಸರು 2018ರಲ್ಲಿ ಕ್ಲಾರಿರೀಡಿಯಾ ಎಂದು ಬದಲಾಯಿತು. ಔಷಧಿಯ ಲೇಬಲ್ ಮೇಲೆ ಈ ಎರಡರಲ್ಲಿ ಯಾವುದಿದ್ದರೂ ರೋಗ ಒಂದೇ.

ಖಚಿತ ಮಾಡಿಕೊಳ್ಳಲು ಮಚ್ಚೆಯ ನಡುವನ್ನು ಬಿಟ್ಟು ಅಂಚಿಗೆ ಬನ್ನಿ. ಅರ್ಧ ಹಸಿರು ಉಳಿದಿರುವ ನಾಲ್ಕೈದು ಎಲೆಗಳನ್ನು ಕಿತ್ತು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಎಲೆಯ ಅಡ್ಡಕ್ಕೆ ಡಮರುವಿನಂತೆ ನಡು ಸಣ್ಣಗಾದ, ಬಿಳಿಚಿಕೊಂಡ ಕಲೆ ಇದ್ದು, ಅದರ ಎರಡೂ ಕೊನೆಯಲ್ಲಿ ಕೆಂಪುಮಿಶ್ರಿತ ಕಂದು ಗೆರೆ ಇದ್ದರೆ ಅನುಮಾನ ಬೇಡ. ಬೆಳಗಿನ ಬಲೆಯನ್ನೂ ಪರೀಕ್ಷಿಸಿ. ಜೇಡನ ಬಲೆ ಚಪ್ಪಟೆಯಾಗಿ ಹಾಸಿಕೊಂಡು, ಎಳೆಗಳ ಮೇಲೆ ಇಬ್ಬನಿಯ ಹನಿ ಹಿಡಿದಿರುತ್ತದೆ. ಶಿಲೀಂಧ್ರದ ಎಳೆಗಳು ಎಲೆಯಿಂದ ಎಲೆಗೆ ಹತ್ತಿಯಂತೆ ಸಿಕ್ಕುಸಿಕ್ಕಾಗಿ ಹಬ್ಬಿರುತ್ತವೆ, ಬಿಸಿಲೇರಿದ ಕೂಡಲೇ ಮಾಯವಾಗುತ್ತವೆ. ಒಂಬತ್ತು ಗಂಟೆಗೆ ಹೋಗಿ ಹುಡುಕಿದರೆ ಏನೂ ಸಿಗುವುದಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೇ ಅಲ್ಲಿರಬೇಕು.

ಎರಡು ಸಲ ಸಿಂಪಡಿಸಿದರೂ ನಿಲ್ಲದಿರುವುದಕ್ಕೆ ಕಾರಣ ಸರಳ: ಅಜಾಕ್ಸಿಸ್ಟ್ರೋಬಿನ್ ಬೇರೆ ಹಲವು ರೋಗಗಳಿಗೆ ಒಳ್ಳೆಯ ಔಷಧಿ, ಡಾಲರ್ ಸ್ಪಾಟ್‌ಗೆ ಅಲ್ಲ. ಇನ್ನೊಂದು ತಪ್ಪು ಗೊಬ್ಬರ ನಿಲ್ಲಿಸಿದ್ದು. ಗೊಬ್ಬರ ಹಾಕಿದರೆ ರೋಗ ಹೆಚ್ಚುತ್ತದೆ ಎಂಬ ಮಾತು ಮುಂದಿನ ಉತ್ತರಗಳಲ್ಲಿ ಬರುವ ಬ್ರೌನ್ ಪ್ಯಾಚ್ ಎಂಬ ರೋಗಕ್ಕೆ ಸರಿ, ಪಿಥಿಯಂ ಎಂಬ ರೋಗಕ್ಕೂ ಸರಿ. ಡಾಲರ್ ಸ್ಪಾಟ್ ಮಾತ್ರ ಹೊಟ್ಟೆಗಿಲ್ಲದ ಹುಲ್ಲನ್ನೇ ಹುಡುಕಿಕೊಂಡು ಬರುತ್ತದೆ. ಸಾರಜನಕ ಸಾಲದೆ ಹುಲ್ಲು ಚಿಗುರುವುದು ನಿಧಾನವಾದಾಗ ಸೋಂಕು ತಗುಲಿದ ಎಲೆ ಅಲ್ಲೇ ನಿಂತಿರುತ್ತದೆ, ಶಿಲೀಂಧ್ರ ಪಕ್ಕದ ಎಲೆಗೆ ದಾಟುತ್ತದೆ. ಹುಲ್ಲು ಚುರುಕಾಗಿ ಬೆಳೆಯುತ್ತಿದ್ದರೆ ಕಾಯಿಲೆಯ ಎಲೆ ಮುಂದಿನ ಕತ್ತರಿಸುವಿಕೆಯಲ್ಲಿ ಹೊರಟುಹೋಗುತ್ತದೆ.

ಆದ್ದರಿಂದ ಮೊದಲ ಚಿಕಿತ್ಸೆ ಗೊಬ್ಬರ. 100 ಚದರ ಮೀಟರಿಗೆ 250 ಗ್ರಾಂ ಸಾರಜನಕ ಬೇಕು. ಯೂರಿಯಾದಲ್ಲಿ ಶೇ 46 ಸಾರಜನಕ ಇರುವುದರಿಂದ ಸುಮಾರು 540 ಗ್ರಾಂ ಯೂರಿಯಾ ಆಯಿತು. ಒಂದೇ ಸಲಕ್ಕೆ ಬೇಡ, ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಎರಡು ಪಾಲು ಮಾಡಿ. ಎಲೆ ಪೂರ್ತಿ ಒಣಗಿರುವಾಗ ಎರಚಿ, ತಡಮಾಡದೆ ನೀರು ಹಾಯಿಸಿ ಕಾಳುಗಳನ್ನು ಮಣ್ಣಿಗಿಳಿಸಿ. ಒದ್ದೆ ಎಲೆಗೆ ಅಂಟಿಕೊಂಡ ಯೂರಿಯಾ ಕಾಳು ತಾನೇ ಒಂದು ಮಚ್ಚೆ ಮಾಡುತ್ತದೆ, ಆಮೇಲೆ ಅದನ್ನೂ ರೋಗ ಎಂದು ಎಣಿಸುತ್ತಾ ಕೂರಬೇಕಾಗುತ್ತದೆ.

ಎರಡನೆಯದು ನೀರು. ಮೇಲೆ ಎಲೆ ಒದ್ದೆ, ಕೆಳಗೆ ಮಣ್ಣು ಒಣಗಿದ್ದು, ಹವೆ 15ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಈ ಶಿಲೀಂಧ್ರಕ್ಕೆ ಅದಕ್ಕಿಂತ ಹಿತವಾದದ್ದಿಲ್ಲ. ದಿನಾ ಸಂಜೆ ಐದು ನಿಮಿಷ ನೀರು ಚಿಮುಕಿಸುವ ಅಭ್ಯಾಸ ಸರಿಯಾಗಿ ಇದನ್ನೇ ಒದಗಿಸುತ್ತದೆ. ಬೆಳೆಯುವ ಕಾಲದಲ್ಲಿ ವಾರಕ್ಕೆ ಒಟ್ಟು 25 ಮಿ.ಮೀ. ನೀರನ್ನು, ಅಂದರೆ ಚದರ ಮೀಟರಿಗೆ 25 ಲೀಟರನ್ನು, ಎರಡು ಕಂತಿನಲ್ಲಿ ಆಳಕ್ಕೆ ಇಳಿಯುವಂತೆ ಕೊಡಿ. ಮಳೆ ಬಂದರೆ ಅಷ್ಟನ್ನು ಕಳೆಯಿರಿ. ನೀರು ಬಿಡುವ ಹೊತ್ತು ಬೆಳಗಿನ ಜಾವ, ಇಬ್ಬನಿ ಹೇಗೂ ಬಿದ್ದಿರುವಾಗ. ಆಗ ಎಲೆ ಒದ್ದೆಯಾಗಿರುವ ಅವಧಿ ಹೆಚ್ಚಾಗುವುದಿಲ್ಲ. ನೀರು ಬಿಡದ ದಿನಗಳಲ್ಲಿ ಇಬ್ಬರು ಒಂದು ದಪ್ಪ ಹಗ್ಗವನ್ನೋ ಪೈಪನ್ನೋ ಎರಡು ತುದಿಯಲ್ಲಿ ಹಿಡಿದು ಹುಲ್ಲಿನ ಮೇಲೆ ಎಳೆದುಕೊಂಡು ಹೋದರೆ ಇಬ್ಬನಿ ಉದುರಿ ಎಲೆ ಒಂದೆರಡು ಗಂಟೆ ಮುಂಚೆಯೇ ಒಣಗುತ್ತದೆ. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ.

ಇಷ್ಟಾದ ಮೇಲೂ ಹೊಸ ಮಚ್ಚೆ ಬರುತ್ತಿದ್ದರೆ ಪ್ರೊಪಿಕೊನಜೋಲ್‌ನಂಥ ಟ್ರಯಜೋಲ್ ಗುಂಪಿನ ಔಷಧಿಯನ್ನು ಲೇಬಲ್ ಪ್ರಮಾಣದಲ್ಲಿ ಸಿಂಪಡಿಸಿ, 14ರಿಂದ 21 ದಿನಗಳಾದ ಮೇಲೆ ಬೇರೆ ಗುಂಪಿನದನ್ನು, ಉದಾಹರಣೆಗೆ ಬೋಸ್ಕಾಲಿಡ್ ಅನ್ನು, ಬಳಸಿ. ಬಿಸಿಲ ತಾಪ ಜೋರಾಗಿರುವಾಗ ಗಿಡ್ಡ ಗರಿಕೆಗೆ ಟ್ರಯಜೋಲ್ ಪದೇ ಪದೇ ಬಿದ್ದರೆ ಹುಲ್ಲು ಕುಗ್ಗಿ ನೀಲಿಹಸಿರು ಬಣ್ಣಕ್ಕೆ ತಿರುಗುತ್ತದೆ, ಪ್ರಮಾಣ ಮೀರಬೇಡಿ. ಥಯೋಫನೇಟ್ ಮಿಥೈಲ್ ಮೇಲೆ ಭರವಸೆ ಇಡುವುದು ಕಷ್ಟ. ಅದಕ್ಕೆ ನಿರೋಧ ಬೆಳೆಸಿಕೊಂಡ ಡಾಲರ್ ಸ್ಪಾಟ್ ತಳಿಗಳು ಹಲವು ಕಡೆ ನೆಲೆಯೂರಿವೆ.

ಔಷಧಿ ಹಿಡಿಯಿತೋ ಇಲ್ಲವೋ ಎಂದು ಹಳೆಯ ಮಚ್ಚೆ ನೋಡಿ ತೀರ್ಮಾನಿಸಬೇಡಿ. ಸತ್ತ ಎಲೆ ಮತ್ತೆ ಹಸಿರಾಗುವುದಿಲ್ಲ. ಹೊಸದಾಗಿ ಬಿಚ್ಚಿದ ಎಲೆಯಲ್ಲಿ ಡಮರು ಕಲೆ ಇಲ್ಲದಿದ್ದರೆ ರೋಗ ನಿಂತಿದೆ ಎಂದೇ ಅರ್ಥ.

ಪ್ರಶ್ನೆ: ಟಾಲ್ ಫೆಸ್ಕ್ಯೂ ಹುಲ್ಲು. ಸೆಕೆ ಶುರುವಾದಾಗ ಬಣ್ಣ ಮಂಕಾಯಿತೆಂದು ಯೂರಿಯಾ ಹಾಕಿದೆವು. ಹತ್ತು ದಿನದಲ್ಲಿ ಅರ್ಧ ಮೀಟರ್ ಅಗಲದ ಕಂದು ವೃತ್ತಗಳು ಎದ್ದವು. ಕೆಲವು ವೃತ್ತಗಳ ನಡುವೆ ಹುಲ್ಲು ಹಸಿರಾಗಿಯೇ ಇದೆ.

ಉತ್ತರ: ಮೇಲಿನ ಉತ್ತರ ಓದಿ ಮತ್ತೆ ಯೂರಿಯಾ ಚೀಲ ಬಿಚ್ಚಬೇಡಿ. ನಿಮ್ಮದು ಬ್ರೌನ್ ಪ್ಯಾಚ್, ಇದನ್ನು ತರುವುದು ರೈಜೋಕ್ಟೋನಿಯಾ ಸೊಲಾನಿ. ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಕೆಳಗಿಳಿಯದೆ, ಎಲೆ ಹತ್ತು ಗಂಟೆಗೂ ಹೆಚ್ಚು ಹೊತ್ತು ಒದ್ದೆಯಾಗಿದ್ದರೆ ಇದು ಒಂದೇ ರಾತ್ರಿಯಲ್ಲಿ ಎದ್ದು ಕಾಣುವಷ್ಟು ಹಬ್ಬುತ್ತದೆ. ಸಾರಜನಕದಿಂದ ಬಂದ ಎಳಸು, ರಸಭರಿತ ಎಲೆ ಅದಕ್ಕೆ ಬಾಯಿಗಿಟ್ಟ ತುತ್ತು.

ಗುರುತು ಎರಡು. ಎಲೆಯ ಮೇಲೆ ಅಂಕುಡೊಂಕಾದ, ಒಣಗಿದ ಬಣ್ಣದ ಕಲೆ. ಅದರ ಸುತ್ತ ತೆಳುವಾದ ಗಾಢ ಕಂದು ಅಂಚು. ಡಾಲರ್ ಸ್ಪಾಟ್‌ನ ಕಲೆಯಂತೆ ಇದು ಅಚ್ಚುಕಟ್ಟಾಗಿ ಎಲೆಯನ್ನು ಅಡ್ಡ ಕತ್ತರಿಸುವುದಿಲ್ಲ. ಎರಡನೆಯದಾಗಿ, ಗಿಡ್ಡ ಹುಲ್ಲಿನಲ್ಲಿ ಇಬ್ಬನಿ ಇರುವ ಬೆಳಗ್ಗೆ ವೃತ್ತದ ಹೊರ ಅಂಚಿಗೆ ಹೊಗೆ ಸುತ್ತಿದಂಥ ಬೂದುಬಣ್ಣದ ಉಂಗುರ ಕಾಣುತ್ತದೆ. ನಿಮ್ಮ ಫೆಸ್ಕ್ಯೂ ಎತ್ತರಕ್ಕಿದ್ದರೆ ಈ ಉಂಗುರ ಕಾಣದೆಯೂ ಇರಬಹುದು, ಎಲೆಯ ಕಲೆಯನ್ನೇ ನಂಬಿ.

ಸಮಾಧಾನದ ಸಂಗತಿ ಎಂದರೆ ಈ ರೋಗ ಸಾಮಾನ್ಯವಾಗಿ ಎಲೆಯನ್ನು ತಿನ್ನುತ್ತದೆ, ಬುಡವನ್ನು ಬಿಡುತ್ತದೆ. ನಿಮ್ಮ ವೃತ್ತಗಳ ನಡುವೆ ಹಸಿರು ಉಳಿದಿರುವುದಕ್ಕೂ ಅದೇ ಕಾರಣ. ಒಂದು ಕಂದು ಗಿಡವನ್ನು ಕಿತ್ತು ಬುಡ ಸೀಳಿ ನೋಡಿ. ಒಳಗೆ ಬಿಳಿಯಾಗಿ ಗಟ್ಟಿಯಾಗಿದ್ದರೆ ತಂಪು ಬಂದಾಗ ಚಿಗುರುತ್ತದೆ, ಕಂದಾಗಿ ಮೆತ್ತಗಾಗಿದ್ದರೆ ಅಷ್ಟು ಜಾಗಕ್ಕೆ ಮರುಬಿತ್ತನೆ ಬೇಕು.

ಸೆಕೆ ಇಳಿಯುವವರೆಗೆ ಸಾರಜನಕ ಪೂರ್ತಿ ನಿಲ್ಲಿಸಿ. ಕತ್ತರಿಸುವ ಎತ್ತರವನ್ನು 7–8 ಸೆಂ.ಮೀ.ಗೆ ಏರಿಸಿ, ಒಂದು ಸಲಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಸಂಜೆ ನೀರು ಬೇಡ. ಸುತ್ತ ಬೇಲಿಗಿಡ ದಟ್ಟವಾಗಿ ಬೆಳೆದು ಗಾಳಿ ತಡೆದಿದ್ದರೆ ಅದನ್ನು ಸವರಿ. ಎಲ್ಲರೂ ಹುಲ್ಲನ್ನೇ ನೋಡುತ್ತಿರುತ್ತಾರೆ, ಬೇಲಿಯನ್ನು ಯಾರೂ ನೋಡುವುದಿಲ್ಲ. ಔಷಧಿ ಬೇಕಾದರೆ ಹಿಂದಿನ ಪ್ರಶ್ನೆಯಲ್ಲಿ ಸೋತ ಅಜಾಕ್ಸಿಸ್ಟ್ರೋಬಿನ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಫ್ಲುಟೊಲಾನಿಲ್ ಕೂಡ ಆಗುತ್ತದೆ. ಮುಂದಿನ ವರ್ಷ ರಾತ್ರಿಗಳು 20 ಡಿಗ್ರಿ ದಾಟಿ ಹವೆ ತೇವವಾಗುತ್ತಿದ್ದಂತೆ, ಕಲೆ ಬರುವ ಮೊದಲೇ ಒಂದು ಸಿಂಪಡಣೆ ಮಾಡಿದರೆ ಲಾಭ ಹೆಚ್ಚು.

ಜೋಯ್ಸಿಯಾ ಹುಲ್ಲಿರುವವರಿಗೆ ಒಂದು ಮಾತು. ಅದೇ ಶಿಲೀಂಧ್ರದ ಇನ್ನೊಂದು ಗುಂಪು ಅಲ್ಲಿ ಲಾರ್ಜ್ ಪ್ಯಾಚ್ ರೋಗ ತರುತ್ತದೆ. ಅದು ಸೆಕೆಯಲ್ಲಿ ಬರುವುದಿಲ್ಲ. ತಂಪು ಶುರುವಾಗುವಾಗ ಮತ್ತು ಮುಗಿಯುವಾಗ ಬಂದು, ಎಲೆಯ ಬದಲು ಬುಡದ ಎಲೆಕವಚವನ್ನು ಕೊಳೆಸುತ್ತದೆ. ಎಲೆ ಹಿಡಿದೆಳೆದರೆ ಸಲೀಸಾಗಿ ಕಳಚಿ ಬರುತ್ತದೆ, ತೇಪೆಯ ಅಂಚು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಇದಕ್ಕೆ ಔಷಧಿ ಹೊಡೆಯುವ ಕಾಲ ಮಣ್ಣಿನ ಉಷ್ಣತೆ 20 ಡಿಗ್ರಿಯ ಆಸುಪಾಸಿಗೆ ಇಳಿಯುವಾಗ. ತೇಪೆ ಕಂಡಮೇಲೆ ಹೊಡೆದರೆ ಹೆಚ್ಚೆಂದರೆ ಹರಡುವುದು ನಿಲ್ಲುತ್ತದೆ.

ಪ್ರಶ್ನೆ: ಹೊಸದಾಗಿ ಬಿತ್ತಿದ ರೈ ಹುಲ್ಲು ಮೂರು ವಾರದ್ದು. ರಾತ್ರಿ ಮಳೆಯಾದ ಮಾರನೆಯ ದಿನ ಅಲ್ಲಲ್ಲಿ ಎಣ್ಣೆ ಸುರಿದಂತೆ ಕಪ್ಪಾಗಿ ಮಲಗಿತು. ಎರಡೇ ದಿನದಲ್ಲಿ ನೀರು ಹರಿದ ದಾರಿಯುದ್ದಕ್ಕೂ ಪಟ್ಟೆಪಟ್ಟೆಯಾಗಿ ಸತ್ತಿದೆ. ಪ್ರೊಪಿಕೊನಜೋಲ್ ಹೊಡೆಯಬಹುದೇ?

ಉತ್ತರ: ಹೊಡೆದರೆ ದಂಡ. ಇದು ಪಿಥಿಯಂ ಬ್ಲೈಟ್. ಪಿಥಿಯಂ ಅನ್ನು ರೂಢಿಯಲ್ಲಿ ಶಿಲೀಂಧ್ರ ಎನ್ನುತ್ತೇವೆ, ಆದರೆ ಕುಲದಲ್ಲಿ ಅದು ಕಂದು ಪಾಚಿಗಳ ನೆಂಟ. ಟ್ರಯಜೋಲ್ ಔಷಧಿಗಳು ಕೆಲಸ ಮಾಡುವ ಜಾಗವೇ ಅದರ ಜೀವಕೋಶದಲ್ಲಿಲ್ಲ. ಬೇಕಾದದ್ದು ಮೆಟಲಾಕ್ಸಿಲ್, ಪ್ರೊಪಮೊಕಾರ್ಬ್, ಸಯಜೋಫಮಿಡ್ ಇಂಥವು, ಅದೂ ಇವತ್ತೇ. ಹಗಲು 30 ಡಿಗ್ರಿ ದಾಟಿ, ರಾತ್ರಿ 20ಕ್ಕಿಂತ ಮೇಲಿದ್ದು, ಎಲೆ ಒದ್ದೆಯಾಗಿದ್ದರೆ ಈ ರೋಗ ಕಾಯುವುದಿಲ್ಲ. ಬ್ರೌನ್ ಪ್ಯಾಚ್‌ನಂತೆ ಬುಡ ಬಿಟ್ಟುಬಿಡುವ ಔದಾರ್ಯವೂ ಇದಕ್ಕಿಲ್ಲ, ಸತ್ತ ಜಾಗ ಸತ್ತಂತೆಯೇ.

ಬೆಳಗ್ಗೆ ಮುಟ್ಟಿ ನೋಡಿ: ಎಲೆಗಳು ಜಿಡ್ಡುಜಿಡ್ಡಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅಂಚಿನಲ್ಲಿ ದಟ್ಟ ಬಿಳಿ ಹತ್ತಿಯಂಥ ಬೆಳವಣಿಗೆ ಇರುತ್ತದೆ. ನೀರಿನ ಜೊತೆ, ಮೊವರ್ ಗಾಲಿಯ ಜೊತೆ, ಚಪ್ಪಲಿಯ ಜೊತೆ ಸಾಗುವುದರಿಂದಲೇ ತೇಪೆಗಳು ದುಂಡಗಿರದೆ ಉದ್ದುದ್ದ ಪಟ್ಟೆಯಾಗುತ್ತವೆ. ಹುಲ್ಲು ಒಣಗುವ ತನಕ ಅದರ ಮೇಲೆ ಯಾರೂ ಓಡಾಡಬಾರದು, ಯಂತ್ರವನ್ನಂತೂ ಇಳಿಸಲೇಬಾರದು.

ಮರುಬಿತ್ತನೆಗೆ ಮುಂಚೆ ನೀರು ನಿಲ್ಲುವ ತಗ್ಗನ್ನು ಸರಿಮಾಡಿ, ಇಲ್ಲದಿದ್ದರೆ ಬೀಜ ಮತ್ತೆ ಅದೇ ದಾರಿ ಹಿಡಿಯುತ್ತದೆ. ಮೆಟಲಾಕ್ಸಿಲ್ ಲೇಪಿಸಿದ ಬೀಜ ಸಿಕ್ಕಿದರೆ ಅದನ್ನೇ ಬಳಸಿ. ಬೇಗ ತುಂಬಿಕೊಳ್ಳಲಿ ಎಂದು ಎರಡು ಪಟ್ಟು ಬೀಜ ಸುರಿಯುವುದು ಸಾಮಾನ್ಯ ತಪ್ಪು. ಒತ್ತಾಗಿ ಎದ್ದ ಸಸಿಗಳ ನಡುವೆ ಗಾಳಿಯಾಡದೆ ಬುಡ ಒಣಗುವುದೇ ಇಲ್ಲ, ಪಿಥಿಯಂ ಸಾಲುಸಾಲಾಗಿ ಕೆಡವುತ್ತದೆ.

ಪ್ರಶ್ನೆ: ಸೇಂಟ್ ಆಗಸ್ಟೀನ್ ಹುಲ್ಲಿನ ಅಗಲ ಎಲೆಗಳ ಮೇಲೆ ಬೂದು ನಡು, ಕಂದು ಅಂಚಿನ ಕಣ್ಣಿನಾಕಾರದ ಚುಕ್ಕೆಗಳು. ಮಳೆಗಾಲದಲ್ಲಿ, ನೆರಳಿನಲ್ಲಿ ಹೆಚ್ಚು.

ಉತ್ತರ: ಗ್ರೇ ಲೀಫ್ ಸ್ಪಾಟ್. ಭತ್ತ ಬೆಳೆಯುವವರಿಗೆ ಈ ಚುಕ್ಕೆ ಎಲ್ಲೋ ಕಂಡಂತಿದೆಯಲ್ಲ ಎನಿಸೀತು. ಸರಿಯೇ, ಭತ್ತದ ಬೆಂಕಿ ರೋಗ ತರುವ ಪಿರಿಕ್ಯುಲೇರಿಯಾ ಕುಲದ್ದೇ ಇದು. ಅಲ್ಲಿಯ ಬುದ್ಧಿ ಇಲ್ಲಿಯೂ ನಡೆಯುತ್ತದೆ: ಬೇಗ ಕರಗುವ ಸಾರಜನಕ ಕಡಿಮೆ ಮಾಡಿ, ಎಲೆಯ ಒದ್ದೆ ಕಡಿಮೆ ಮಾಡಿ. ಈ ಹುಲ್ಲಿಗೆ ಕಳೆನಾಶಕ ಹೊಡೆದ ಬೆನ್ನಿಗೇ ರೋಗ ಜೋರಾಗುವುದುಂಟು, ಮಳೆಗಾಲದಲ್ಲಿ ಆ ಕೆಲಸವನ್ನು ಮುಂದಕ್ಕೆ ಹಾಕಿ. ಅಜಾಕ್ಸಿಸ್ಟ್ರೋಬಿನ್ ಮತ್ತು ಪ್ರೊಪಿಕೊನಜೋಲ್ ಅನ್ನು ಸರದಿಯಲ್ಲಿ ಬಳಸಬಹುದು.

ಪ್ರಶ್ನೆ: ಹುಲ್ಲಿನ ಮೇಲೆ ನಡೆದರೆ ಬೂಟಿಗೆ ಕಿತ್ತಳೆ ಬಣ್ಣದ ಪುಡಿ ಹತ್ತುತ್ತದೆ.

ಉತ್ತರ: ತುಕ್ಕು ರೋಗ, ಪಕ್ಸಿನಿಯಾ. ಬಿಳಿ ಬಟ್ಟೆಯಿಂದ ಎಲೆ ಒರೆಸಿ, ಬಣ್ಣ ಹತ್ತಿದರೆ ಬೇರೆ ಪರೀಕ್ಷೆ ಬೇಕಿಲ್ಲ. ಬೆಳವಣಿಗೆ ನಿಂತ, ಹಸಿದ, ನೆರಳಿನ ಹುಲ್ಲಿಗೆ ಬರುತ್ತದೆ. 100 ಚದರ ಮೀಟರಿಗೆ 250 ಗ್ರಾಂ ಸಾರಜನಕ, ಸಾಕಷ್ಟು ನೀರು, ವಾರಕ್ಕೊಮ್ಮೆ ಕತ್ತರಿಸಿ ತುಂಡುಗಳನ್ನು ಹೊರಹಾಕುವುದು. ಹೆಚ್ಚಿನ ಕಡೆ ಇಷ್ಟರಲ್ಲೇ ಮುಗಿಯುತ್ತದೆ.

ಪ್ರಶ್ನೆ: ಕಂದು ಮಚ್ಚೆ ಎಂದರೆ ರೋಗವೇ ಆಗಿರಬೇಕೆ? ಪ್ರಯೋಗಾಲಯಕ್ಕೆ ಮಾದರಿ ಕಳಿಸುವುದು ಹೇಗೆ?

ಉತ್ತರ: ಆಗಿರಬೇಕಿಲ್ಲ. ಶಿಲೀಂಧ್ರದ ತಲೆಗೆ ಕಟ್ಟಿದ ಆರೋಪಗಳಲ್ಲಿ ಎಷ್ಟೋ ಸುಳ್ಳು. ಎಲೆಯ ಮೇಲೆ ಕಲೆಯೇ ಇಲ್ಲದೆ ತುದಿಯಿಂದ ಒಣಗಿದ್ದರೆ ಮೊದಲು ಮೊವರ್‌ನ ಅಲಗು ನೋಡಿ. ಮೊಂಡು ಅಲಗು ಎಲೆಯನ್ನು ಕತ್ತರಿಸದೆ ಹರಿಯುತ್ತದೆ, ತುದಿ ನಾರುನಾರಾಗಿ ಬಿಳಿಚುತ್ತದೆ. ನಾಯಿ ಮೂತ್ರದ ಕಲೆಯ ನಡು ಸತ್ತು, ಸುತ್ತ ದಟ್ಟ ಹಸಿರಿನ ಹುಲುಸಾದ ಉಂಗುರ ಇರುತ್ತದೆ. ಗೊಬ್ಬರ ಸುಟ್ಟ ಗುರುತು ಗೆರೆ ಎಳೆದಂತೆ ನೇರವಾಗಿರುತ್ತದೆ. ಕಂದು ಜಾಗವನ್ನು ಕೈಯಲ್ಲಿ ಹಿಡಿದು ಎತ್ತಿದಾಗ ಚಾಪೆಯಂತೆ ಸುರುಳಿಯಾಗಿ ಎದ್ದರೆ ಬೇರು ತಿಂದವರು ಗೊಣ್ಣೆ ಹುಳುಗಳು, ಕೆಳಗೇ ಸಿಗುತ್ತವೆ. ಎಲೆ ತಿನ್ನುವ ಮರಿಹುಳುಗಳ ಅನುಮಾನವಿದ್ದರೆ ಪಾತ್ರೆ ತೊಳೆಯುವ ದ್ರವ ಸೋಪು 30 ಮಿ.ಲೀ.ಯನ್ನು ಸುಮಾರು 5 ಲೀಟರ್ ನೀರಿನಲ್ಲಿ ಕಲಸಿ ಒಂದು ಚದರ ಮೀಟರಿಗೆ ಸುರಿಯಿರಿ, ಕೆಲವೇ ನಿಮಿಷಗಳಲ್ಲಿ ಮೇಲೆ ಬರುತ್ತವೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಅಂಚಿನಿಂದ ಕಿತ್ತ ಎಲೆಗಳನ್ನು ಬುಡಸಮೇತ ಇಟ್ಟು ಒಂದು ರಾತ್ರಿ ಕೋಣೆಯ ಶಾಖದಲ್ಲಿ ಬಿಡಿ. ರೋಗ ಸಕ್ರಿಯವಾಗಿದ್ದರೆ ಬೆಳಗ್ಗೆ ಕಲೆಯ ಅಂಚಿನಿಂದ ಎಳೆಗಳು ಹೊರಟಿರುತ್ತವೆ. ಮೂರು ದಿನ ಬಿಟ್ಟು ನೋಡಿದರೆ ಸತ್ತ ಎಲೆಯ ಮೇಲೆ ಬೆಳೆಯುವ ಸಾಧಾರಣ ಬೂಷ್ಟು ಎಲ್ಲವನ್ನೂ ಮುಚ್ಚಿರುತ್ತದೆ. ಆಗ ಆ ಪರೀಕ್ಷೆಗೆ ಅರ್ಥವಿಲ್ಲ.

ಪ್ರಯೋಗಾಲಯಕ್ಕಾದರೆ ಔಷಧಿ ಹೊಡೆಯುವ ಮೊದಲೇ ಮಾದರಿ ತೆಗೆಯಿರಿ. ಅರ್ಧ ಕಾಯಿಲೆಯ, ಅರ್ಧ ಆರೋಗ್ಯದ ಹುಲ್ಲು ಬರುವಂತೆ ಮಚ್ಚೆಯ ಅಂಚಿನಲ್ಲಿ 10 ಸೆಂ.ಮೀ. ಚೌಕವನ್ನು 5 ಸೆಂ.ಮೀ. ಮಣ್ಣಿನೊಂದಿಗೆ ಕತ್ತರಿಸಿ. ನೀರು ಚಿಮುಕಿಸದೆ ಒಣ ಕಾಗದದಲ್ಲಿ ಬಿಗಿಯಾಗಿ ಸುತ್ತಿ, ಮಣ್ಣು ಎಲೆಯ ಮೇಲೆ ಉದುರದಂತೆ ಪೆಟ್ಟಿಗೆಯಲ್ಲಿಡಿ. ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳಿಸಿದರೆ ತಲುಪುವುದು ಕೊಳೆತ ಹುಲ್ಲು. ಹುಲ್ಲಿನ ಜಾತಿ, ಕತ್ತರಿಸುವ ಎತ್ತರ, ಕಳೆದ ಎರಡು ತಿಂಗಳಲ್ಲಿ ಹಾಕಿದ ಗೊಬ್ಬರ ಮತ್ತು ಔಷಧಿ, ಮೊದಲು ಕಂಡ ದಿನ ಇವನ್ನು ಬರೆದಿಡಿ. ಬೆಳಗಿನ ಹೊತ್ತಿನಲ್ಲಿ ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೊ ತೆಗೆದು ಜೊತೆಗಿಡಿ.

ಪ್ರಶ್ನೆ: ಹುಲ್ಲಿನಲ್ಲಿ ಮೂರು ಮೀಟರ್ ಅಗಲದ ಉಂಗುರ, ವರ್ಷವರ್ಷ ದೊಡ್ಡದಾಗುತ್ತಿದೆ. ಉಂಗುರದ ಹುಲ್ಲು ಒಣಗುತ್ತದೆ, ಎಷ್ಟು ನೀರು ಬಿಟ್ಟರೂ ಕುಡಿಯುವುದಿಲ್ಲ. ಮಳೆ ಬಿದ್ದಾಗ ಅಣಬೆ ಏಳುತ್ತವೆ.

ಉತ್ತರ: ಇದು ಫೇರಿ ರಿಂಗ್. ಇಲ್ಲಿ ಶಿಲೀಂಧ್ರ ಹುಲ್ಲನ್ನು ತಿನ್ನುತ್ತಿಲ್ಲ. ಮಣ್ಣಿನಲ್ಲಿರುವ ಹಳೆಯ ಮರದ ತುಂಡು, ಬೇರು, ಹುಲ್ಲಿನ ಬುಡದಲ್ಲಿ ಕಟ್ಟಿಕೊಂಡ ಒಣ ಪದರ ಇವನ್ನು ತಿನ್ನುತ್ತಾ ಒಂದು ಬಿಂದುವಿನಿಂದ ಹೊರಕ್ಕೆ ಸಾಗುತ್ತದೆ. ಹೊರ ಅಂಚು ಮುಂದೆ ಹೋಗುತ್ತದೆ, ಹಿಂದಿನದು ಸಾಯುತ್ತದೆ, ಹಾಗಾಗಿ ಉಂಗುರ. ಸತ್ತ ಶಿಲೀಂಧ್ರ ಕೊಳೆತು ಗೊಬ್ಬರವಾದಲ್ಲಿ ಹುಲ್ಲು ಕಡುಹಸಿರಾಗುತ್ತದೆ ಎಂಬುದನ್ನು ವಿಲಿಯಂ ವೊಲ್ಲಾಸ್ಟನ್ 1807ರಷ್ಟು ಹಿಂದೆಯೇ ವಿವರಿಸಿದ್ದ. ಅಂಥ ಹಸಿರು ಉಂಗುರ ಮಾತ್ರ ಇರುವವರು ಸುಮ್ಮನೆ ಉಳಿದ ಜಾಗಕ್ಕೆ ಸ್ವಲ್ಪ ಸಾರಜನಕ ಕೊಟ್ಟು ಬಣ್ಣ ಸಮ ಮಾಡಿಕೊಳ್ಳಬಹುದು. ನಿಮ್ಮದು ಅದಕ್ಕಿಂತ ಕಷ್ಟದ ಬಗೆ. ಶಿಲೀಂಧ್ರದ ಎಳೆಗಳು ಮಣ್ಣಿನ ಕಣಗಳಿಗೆ ಮೇಣದಂಥ ಲೇಪ ಕೊಟ್ಟಿವೆ, ನೀರು ಮೇಲೆಯೇ ಜಾರಿಹೋಗುತ್ತಿದೆ. ಹುಲ್ಲು ಸಾಯುತ್ತಿರುವುದು ಬಾಯಾರಿ.

ಪರೀಕ್ಷೆ ಮಾಡಿ. ಉಂಗುರದ ಅಡಿಯಿಂದ ಒಂದು ಹಿಡಿ ಒಣ ಮಣ್ಣು ತೆಗೆದು ಅದರ ಮೇಲೆ ಒಂದು ಹನಿ ನೀರು ಬಿಡಿ. ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹನಿ ಮಣಿಯಂತೆ ಕುಳಿತಿದ್ದರೆ ಮಣ್ಣು ನೀರನ್ನು ದೂಡುತ್ತಿದೆ.

ಚಿಕಿತ್ಸೆಗೆ ತಾಳ್ಮೆ ಬೇಕು. ಉಂಗುರದ ಹೊರಗೆ ಅರ್ಧ ಮೀಟರಿನಿಂದ ಶುರುಮಾಡಿ ಒಳಗಿನ ಅರ್ಧ ಮೀಟರಿನವರೆಗೆ, 10 ಸೆಂ.ಮೀ. ಅಂತರದಲ್ಲಿ, 10–15 ಸೆಂ.ಮೀ. ಆಳಕ್ಕೆ ತೋಟದ ಫೋರ್ಕಿನಿಂದ ಚುಚ್ಚಿ. ಹುಲ್ಲುಹಾಸಿಗೆಂದೇ ಇರುವ, ಮಣ್ಣು ನೀರು ಹೀರುವಂತೆ ಮಾಡುವ ವೆಟಿಂಗ್ ಏಜೆಂಟನ್ನು ಲೇಬಲ್ ಪ್ರಮಾಣದಲ್ಲಿ ನೀರಿಗೆ ಸೇರಿಸಿ ಆ ತೂತುಗಳಿಗೆ ಇಳಿಸಿ, ಬೆನ್ನಿಗೇ ಸಾದಾ ನೀರನ್ನು ನಿಧಾನವಾಗಿ ಹಾಯಿಸಿ. ಮಣ್ಣು 15 ಸೆಂ.ಮೀ. ಆಳದವರೆಗೆ ಒದ್ದೆಯಾಗುವ ತನಕ ಕೆಲವು ದಿನ ಇದನ್ನೇ ಮಾಡಿ. ಫ್ಲುಟೊಲಾನಿಲ್ ಅಥವಾ ಅಜಾಕ್ಸಿಸ್ಟ್ರೋಬಿನ್ ಬಳಸುವುದಾದರೆ ಇದರ ಜೊತೆಗೇ ಮಣ್ಣಿಗೆ ಇಳಿಯಬೇಕು. ನೀರು ಇಳಿಯದ ಮಣ್ಣಿನ ಮೇಲೆ ಔಷಧಿ ಸಿಂಪಡಿಸುವುದು ಛತ್ರಿಯ ಮೇಲೆ ನೀರು ಹಾಕಿದಂತೆ. ಇಷ್ಟು ಮಾಡಿದರೂ ಸಿಗುವುದು ಹತೋಟಿ, ನಿರ್ಮೂಲನೆ ಅಲ್ಲ. ಬೇರುಸಮೇತ ಕಳೆಯಲೇಬೇಕೆಂದರೆ ಉಂಗುರದಿಂದ 60 ಸೆಂ.ಮೀ. ಹೊರಗಿನವರೆಗೂ 30 ಸೆಂ.ಮೀ. ಆಳದ ಮಣ್ಣನ್ನು ತೆಗೆದುಹಾಕಿ, ಹೂತ ಮರದ ತುಂಡನ್ನೂ ಹೊರತೆಗೆದು, ಹೊಸ ಮಣ್ಣು ತುಂಬಬೇಕು.

ಅಣಬೆಗಳನ್ನು ಕಿತ್ತರೆ ಉಂಗುರ ಸಾಯುವುದಿಲ್ಲ, ಆದರೂ ಮಕ್ಕಳು, ನಾಯಿಗಳು ಓಡಾಡುವ ಜಾಗವಾದರೆ ಕಿತ್ತುಹಾಕಿ. ಇಂಥ ಉಂಗುರಗಳಲ್ಲಿ ಏಳುವ, ಛತ್ರಿಯಷ್ಟು ಚಂದದ ಬಿಳಿ ಅಣಬೆ ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್ ವಿಷಕಾರಿ. ಹಣ್ಣಾದಾಗ ಅದರ ಟೊಪ್ಪಿಗೆಯ ಅಡಿಯ ಪದರಗಳು ಹಸಿರಾಗುತ್ತವೆ.

ಪ್ರಶ್ನೆ: ಔಷಧಿಯ ಲೇಬಲ್‌ನಲ್ಲಿ ಹೆಕ್ಟೇರಿನ ಲೆಕ್ಕ ಇದೆ. ನಮ್ಮದು 60 ಚದರ ಮೀಟರ್. ಬೆನ್ನಿಗೆ ಹಾಕುವ ಸ್ಪ್ರೇಯರಿಗೆ ಎಷ್ಟು ಹಾಕಬೇಕು?

ಉತ್ತರ: ಲೀಟರಿಗೆ ಇಷ್ಟು ಮಿ.ಲೀ. ಎಂಬ ಲೆಕ್ಕ ಮಾತ್ರ ಹಿಡಿದರೆ ಒಬ್ಬರು 60 ಚದರ ಮೀಟರಿಗೆ ಮೂರು ಲೀಟರ್ ಹೊಡೆಯುತ್ತಾರೆ, ಇನ್ನೊಬ್ಬರು ಹತ್ತು. ಔಷಧಿ ಮೂರು ಪಟ್ಟು ವ್ಯತ್ಯಾಸವಾಯಿತು. ಜಾಗದ ಲೆಕ್ಕವನ್ನೇ ಹಿಡಿಯಿರಿ. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಲೇಬಲ್ ಹೆಕ್ಟೇರಿಗೆ 1 ಲೀಟರ್ ಎಂದಿದ್ದರೆ 100 ಚದರ ಮೀಟರಿಗೆ 10 ಮಿ.ಲೀ., ನಿಮ್ಮ 60ಕ್ಕೆ 6 ಮಿ.ಲೀ. ಇದು ಉದಾಹರಣೆ ಮಾತ್ರ, ನಿಮ್ಮ ಲೇಬಲ್‌ನ ಅಂಕಿಯನ್ನೇ ಹಾಕಿಕೊಳ್ಳಿ.

ಇನ್ನು ನೀರು. ಎಲೆಯ ರೋಗಗಳಿಗೆ 100 ಚದರ ಮೀಟರಿಗೆ ಸುಮಾರು 8 ಲೀಟರ್ ಹಿಡಿಸಬೇಕು. ನಿಮ್ಮ ನಡಿಗೆಗೆ ಎಷ್ಟು ಬೀಳುತ್ತದೆ ಎಂದು ಮೊದಲು ಸಾದಾ ನೀರಿನಲ್ಲಿ ಅಳೆಯಿರಿ. 5 ಮೀಟರ್ ಉದ್ದ, 4 ಮೀಟರ್ ಅಗಲದ ಜಾಗ ಗುರುತಿಸಿ, ಅಳೆದ ನೀರು ತುಂಬಿ, ಎಂದಿನ ವೇಗದಲ್ಲಿ ಸಿಂಪಡಿಸಿ, ಉಳಿದದ್ದನ್ನು ಅಳೆಯಿರಿ. 1.2 ಲೀಟರ್ ಖರ್ಚಾಗಿದ್ದರೆ 100 ಚದರ ಮೀಟರಿಗೆ 6 ಲೀಟರ್ ಆಯಿತು, ಇನ್ನಷ್ಟು ನಿಧಾನ ನಡೆಯಬೇಕು. ಆ 20 ಚದರ ಮೀಟರಿಗೆ 1.6 ಲೀಟರ್ ಬೀಳುವ ನಡಿಗೆ ಸಿಕ್ಕಿದ ಮೇಲೆ ನಿಮ್ಮ ಪೂರ್ತಿ ಹಾಸಿಗೆ 4.8 ಲೀಟರ್ ನೀರು, ಅದರಲ್ಲಿ 6 ಮಿ.ಲೀ. ಔಷಧಿ. ಇಷ್ಟು ಸಣ್ಣ ಪ್ರಮಾಣವನ್ನು ಬಾಟಲಿ ಮುಚ್ಚಳದಲ್ಲಿ ಅಳೆಯಬೇಡಿ, ಸೂಜಿ ತೆಗೆದ ಸಿರಿಂಜನ್ನು ಇದಕ್ಕೆಂದೇ ಮೀಸಲಿಡಿ. ಅರ್ಧ ನೀರು ತುಂಬಿ, ಔಷಧಿ ಹಾಕಿ, ಕಲಕಿ, ಉಳಿದ ನೀರು ಸೇರಿಸಿ.

ಕಳೆನಾಶಕಕ್ಕೆ ಬಳಸಿದ ಸ್ಪ್ರೇಯರನ್ನು ಇದಕ್ಕೆ ಮುಟ್ಟಲೇಬೇಡಿ. ಕೈಗವಸು, ಕನ್ನಡಕ, ಉದ್ದ ತೋಳಿನ ಅಂಗಿ ಕಡ್ಡಾಯ, ಎಲೆ ಒಣಗುವ ತನಕ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಬಿಡಬೇಡಿ. ಲೇಬಲ್‌ನಲ್ಲಿ ಹುಲ್ಲುಹಾಸಿನ ಬಳಕೆ ನಮೂದಾಗಿದೆಯೇ ನೋಡಿ, ಏಕೆಂದರೆ ಒಂದು ದೇಶದಲ್ಲಿ ಅನುಮತಿ ಇರುವ ಔಷಧಿ ಇನ್ನೊಂದರಲ್ಲಿ ನಿಷಿದ್ಧವಾಗಿರಬಹುದು.

ಪ್ರಶ್ನೆ: ರಾಸಾಯನಿಕ ಬೇಡ. ಟ್ರೈಕೋಡರ್ಮಾ ಹಾಕಿದರೆ ಸಾಲದೆ?

ಉತ್ತರ: ರೋಗ ಬರುವ ಮೊದಲು ಹಾಕಿದರೆ ಒತ್ತಡ ಕಡಿಮೆ ಮಾಡೀತು, ಹರಡಿದ ಮೇಲೆ ಹಾಕಿ ಪವಾಡ ಕಾಯಬೇಡಿ. ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರ ಎಂಬುದನ್ನು ಜನ ಮರೆಯುತ್ತಾರೆ. ಇಂದು ಅದನ್ನು ಹಾಕಿ ನಾಳೆ ಪ್ರೊಪಿಕೊನಜೋಲ್ ಹೊಡೆದರೆ ಮೊದಲು ಸಾಯುವುದು ನೀವು ಸಾಕಿದ್ದೇ. ಬಿಸಿಲಿಗೂ ಒಣ ಮಣ್ಣಿಗೂ ಅದು ತಾಳದು, ಸಂಜೆಯ ಹೊತ್ತು ತೇವವಿರುವ ಮಣ್ಣಿಗೆ ಕೊಡಿ. ರಾಸಾಯನಿಕ ಬೇಡ ಎನ್ನುವವರಿಗೆ ಹುಲ್ಲಿನ ಬುಡದ ಒಣ ಪದರವನ್ನು ಹತೋಟಿಯಲ್ಲಿಡುವುದೇ ದೊಡ್ಡ ಕೆಲಸ. ಚಾಕುವಿನಿಂದ ಒಂದು ತುಂಡು ಕತ್ತರಿಸಿ ಅಳೆಯಿರಿ. ಹಸಿರಿಗೂ ಮಣ್ಣಿಗೂ ನಡುವಿನ ನಾರುಪದರ 1.25 ಸೆಂ.ಮೀ. ಮೀರಿದ್ದರೆ ಅದು ಶಿಲೀಂಧ್ರಗಳ ಉಗ್ರಾಣ. ಹುಲ್ಲು ಜೋರಾಗಿ ಬೆಳೆಯುವ ಕಾಲದಲ್ಲಿ ಹಲ್ಲುಕುಂಟೆಯಿಂದ ಕೆರೆದು ತೆಗೆಯಿರಿ, ಇಲ್ಲವೇ ಮಣ್ಣಿನ ಸಣ್ಣ ಉರುಳೆಗಳನ್ನು ಕಿತ್ತು ತೆಗೆಯುವ ಯಂತ್ರದಿಂದ 5–10 ಸೆಂ.ಮೀ. ಆಳದ ತೂತು ಹಾಕಿಸಿ. ರೋಗ ಚುರುಕಾಗಿರುವಾಗ ಮಾತ್ರ ಕೆರೆಯಬೇಡಿ, ಗಾಯವಾದ ಹುಲ್ಲಿಗೆ ಸೋಂಕು ಸಲೀಸು.

ಪ್ರಶ್ನೆ: ಮಳೆಯ ಮಾರನೆಯ ದಿನ ಹುಲ್ಲಿನ ಮೇಲೆ ಬೂದಿ ಎರಚಿದಂತೆ ಕಪ್ಪು–ಬೂದು ಬಣ್ಣದ ಸಣ್ಣ ಗುಳ್ಳೆಗಳು ಮುತ್ತಿವೆ. ಬೆರಳಲ್ಲಿ ಒರೆಸಿದರೆ ಅಳಿಸಿಹೋಗಿ ಕೆಳಗೆ ಎಲೆ ಹಸಿರಾಗಿಯೇ ಇದೆ.

ಉತ್ತರ: ಸ್ಲೈಮ್ ಮೋಲ್ಡ್, ಲೋಳೆಬೂಷ್ಟು. ಎಲೆಯನ್ನು ಏಣಿಯಂತೆ ಹತ್ತಿ ಕುಳಿತಿದೆ ಅಷ್ಟೆ, ಅದನ್ನು ತಿನ್ನುವುದಿಲ್ಲ. ಪೈಪಿನ ನೀರನ್ನು ಜೋರಾಗಿ ಬಿಟ್ಟು ತೊಳೆಯಿರಿ, ಅಥವಾ ಎಲೆ ಒಣಗಿದ ಮೇಲೆ ಪೊರಕೆಯಿಂದ ಗುಡಿಸಿ. ಔಷಧಿ ಬೇಡ.